ಸ್ವಂತ ಕೈಬರಹದಲ್ಲಿ

"ಟೈಪ್ ಮಾಡಿಸಿದ್ರೆ ಆಗಲ್ವೇನಮ್ಮ?" ಎಂದು ಮುಖ್ಯಸ್ಥರು ಕೇಳಿದರು.

"ಸ್ವಂತ ಕೈಬರಹ ಅಂತ ಹಾಕಿದಾರೆ, ಸರ್. ಏಳನೇ ಕಲಂ."

ಅವರು ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು ಏಳನೆಯ ಕಲಮನ್ನು ಮತ್ತೊಮ್ಮೆ ಓದಿದರು. ಸೋಲುವ ಸಂಭವವೇ ಹೆಚ್ಚೆಂದು ವಿಶ್ವವಿದ್ಯಾಲಯಗಳು ಕೈಬಿಟ್ಟ ಸಂಶೋಧನೆಗಳಿಗೆ ಮಾತ್ರ ಹಣ ಕೊಡುವ ಖಾಸಗಿ ಪ್ರತಿಷ್ಠಾನವೊಂದರ ಅರ್ಜಿ ಅದು. ಅದಕ್ಕೆ ತಕ್ಕಂತೆ ಅದರದೊಂದು ವಿಚಿತ್ರ ನಿಯಮ: ಹಿಂದಿನ ಯಾವುದಾದರೂ ಒಂದು ತಿರಸ್ಕಾರದ ಪ್ರತಿಯನ್ನು ಲಗತ್ತಿಸಬೇಕು, ಆ ತಿರಸ್ಕಾರ ಏಕೆ ತಪ್ಪು ಎಂಬುದನ್ನು ವಿಭಾಗದ ಮುಖ್ಯಸ್ಥರು ಒಂದು ಪುಟ ಮೀರದಂತೆ ಕೈಯಾರೆ ಬರೆದು ಸಹಿ ಹಾಕಬೇಕು. ಸಂಜೆ ಐದಕ್ಕೆ ಗಡುವು. ಗೋಡೆಯ ಗಡಿಯಾರದಲ್ಲಿ ಆಗಲೇ ಮೂರೂವರೆ.

ಲಗತ್ತಿಸಬೇಕಾದ ಹಾಳೆ ಅವರೆದುರಿಗೇ ಇತ್ತು. ಮೇಜಿನಾಚೆ ನಿಂತಿದ್ದ ಸಂಶೋಧಕಿ ಒಂಬತ್ತು ವರ್ಷ ಹಿಂದೆ ಕೊಟ್ಟಿದ್ದ ಪ್ರಸ್ತಾವನೆಯ ಮೊದಲ ಪುಟ. ನಲವತ್ತು ವರ್ಷ ಮೊಳೆಯದೆ ಬಿದ್ದಿರುವ ಬೀಜಗಳಲ್ಲಿ ಜೀವ ಹೋಗಿಲ್ಲ, ಬೀಗ ಬಿದ್ದಿದೆ ಅಷ್ಟೆ; ಆ ಬೀಗ ತೆಗೆಯಬಹುದು ಎಂಬುದು ಅದರ ವಾದ. ಅಂಚಿನಲ್ಲಿ, ಎಡಕ್ಕೆ ವಾಲಿದ ಅಕ್ಷರಗಳಲ್ಲಿ, ಪರಿಶೀಲನಾ ಸಮಿತಿಯ ಐವರಲ್ಲಿ ಒಬ್ಬರು ಹೆಸರು ಹಾಕದೆ ಬರೆದಿದ್ದರು: "ಸತ್ತದ್ದನ್ನು ಎಬ್ಬಿಸುವುದು ಮಂತ್ರವಾದಿಯ ಕೆಲಸ. ನಮ್ಮ ವಿಭಾಗದ್ದಲ್ಲ." ಕೊನೆಯ ಅಕ್ಷರದ ಬಾಲ ಕಾಗದದ ತುದಿಯವರೆಗೂ ಎಳೆದುಕೊಂಡು ಹೋಗಿತ್ತು.

ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ನಕ್ಕಿದ್ದರು. ಮರುದಿನದಿಂದ ಅವಳು ಇಡೀ ವಿಭಾಗಕ್ಕೆ 'ಮಂತ್ರವಾದಿ'ಯಾದಳು. ಪ್ರಯೋಗಾಲಯ ಕೈತಪ್ಪಿ ಮೆಟ್ಟಿಲ ಕೆಳಗಿನ ಉಗ್ರಾಣ ಪಾಲಿಗೆ ಬಂತು. ಅವಳ ಕೈಕೆಳಗೆ ಸಂಶೋಧನೆ ಮಾಡಲು ಯಾರೂ ಬರದಂತಾಯಿತು. ಈಗ ವರ್ಷಾಂತ್ಯಕ್ಕೆ ಆ ಉಗ್ರಾಣವನ್ನೂ ತೆರವು ಮಾಡಬೇಕೆಂಬ ಆದೇಶ ಬಂದಿತ್ತು. ಪ್ರತಿಷ್ಠಾನ ಕೈಹಿಡಿಯದಿದ್ದರೆ ಎರಡು ಸಾವಿರ ಬೀಜದ ಪೊಟ್ಟಣಗಳು ಕಸದ ಗಾಡಿ ಹತ್ತಬೇಕು.

ಅಂದು ಅವಳನ್ನು ಸಮಾಧಾನಪಡಿಸಿದವರು ಇದೇ ಮುಖ್ಯಸ್ಥರು. ಅವಳ ಮಹಾಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದವರು, ನೀನು ನನಗೆ ಮಗಳ ಸಮಾನ ಎನ್ನುತ್ತಿದ್ದವರು. ತಾವೇ ಚಹಾ ಬಗ್ಗಿಸಿ ಕೊಟ್ಟು, ಯಾರೋ ತಿಳಿಗೇಡಿ ಬರೆದಿದ್ದಾನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಿದ್ದರು. ಅವಳು ತಲೆಯಾಡಿಸಿ ಚಹಾ ಕುಡಿದಿದ್ದಳು. ಐದು ವರ್ಷ ತನ್ನ ಪ್ರಬಂಧದ ಪ್ರತಿ ಪುಟವನ್ನೂ ತಿದ್ದಿದ್ದ ಆ ಅಕ್ಷರವನ್ನು ಅವಳು ಅಷ್ಟರಲ್ಲಾಗಲೇ ಗುರುತಿಸಿದ್ದಳು.

ಇಂದು ಬೆಳಿಗ್ಗೆ ಅರ್ಜಿಯ ಕಾಗದಗಳನ್ನು ಜೋಡಿಸುವಾಗ ಕಚೇರಿಯ ಹಿರಿಯ ಗುಮಾಸ್ತನೂ ಗುರುತಿಸಿದ. ಹೊರಗಿನ ಸಂಸ್ಥೆಗಳಿಂದ ಬಂದ ಇನ್ನೆರಡು ತಿರಸ್ಕಾರಗಳು ಅವಳಲ್ಲಿದ್ದವು. ಅಚ್ಚಾದ, ವಿನಯದ ಪತ್ರಗಳು. ಅವುಗಳಲ್ಲೊಂದನ್ನು ಇಟ್ಟರೆ ಕೆಲಸ ಹೂವೆತ್ತಿದಷ್ಟು ಸಲೀಸು.

"ಇದನ್ನೇ ಯಾಕಮ್ಮ ಇಡ್ತೀರಿ? ಮೂವತ್ತು ವರ್ಷ ಈ ಅಕ್ಷರ ಓದಿ ಓದಿ ಕಣ್ಣು ಕಳ್ಕೊಂಡೋನು ನಾನು. ಅವರು ಬರೆಯಲ್ಲ ಅಂದ್ಬಿಟ್ರೆ? ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು ಅಂತಾರೆ ದೊಡ್ಡೋರು. ನಿಮಗೆ ಎರಡೂ ಆಗ್ಬೇಕು."

"ಮುರಿದ್ರೆ ಮುರೀಲಿ," ಎಂದಿದ್ದಳು ಅವಳು.

ಈಗ ಮುಖ್ಯಸ್ಥರು ಲೇಖನಿಯನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. ಹೊರಗಿನವರ ಪತ್ರಗಳೂ ಇದ್ದವಲ್ಲ ಎಂದು ಮೆಲ್ಲಗೆ ನೆನಪಿಸಿದರು.

"ಅವು ಮರ್ಯಾದೆ ಪತ್ರಗಳು, ಸರ್. ಖಂಡಿಸೋಕೆ ಅವುಗಳಲ್ಲಿ ಏನೂ ಇಲ್ಲ."

"ಇದನ್ನ ಬರೆದೋನು ಯಾರು ಅಂತ..."

"ಯಾರೋ ತಿಳಿಗೇಡಿ ಅಂತ ಆವತ್ತು ನೀವೇ ಹೇಳಿದ್ರಿ, ಸರ್."

ಮುಖ್ಯಸ್ಥರು ಅವಳನ್ನು ದೀರ್ಘವಾಗಿ ನೋಡಿದರು. ಅವಳು ದೃಷ್ಟಿ ಕದಲಿಸಲಿಲ್ಲ. ಗಡಿಯಾರದ ಮುಳ್ಳು ನಾಲ್ಕನ್ನು ದಾಟಿತು. ಕೋಲು ಮುರಿಯಿತೆಂದೇ ಆ ಗಳಿಗೆಯಲ್ಲಿ ಅವಳಿಗೆ ಅನಿಸಿತು; ಉಗ್ರಾಣದ ಕಪಾಟುಗಳು, ಸಾಲುಸಾಲು ಕಂದು ಪೊಟ್ಟಣಗಳು ಕಣ್ಣ ಮುಂದೆ ಬಂದವು. ಆದರೂ ಚೀಲದಲ್ಲಿದ್ದ ವಿನಯದ ಪತ್ರಗಳ ಕಡೆಗೆ ಅವಳ ಕೈ ಹೋಗಲಿಲ್ಲ.

ಅವರು ಬಿಳಿ ಹಾಳೆಯೊಂದನ್ನು ಹತ್ತಿರಕ್ಕೆ ಎಳೆದುಕೊಂಡರು.

ಮೊದಲ ಮೂರು ಸಾಲುಗಳನ್ನು ಅವರು ಸ್ಲೇಟಿನ ಮೇಲೆ ತಿದ್ದುವ ಮಗುವಿನಂತೆ ಬರೆದರು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ನೆಟ್ಟಗೆ. ಅಕ್ಷರವನ್ನು ಮರೆಮಾಚುತ್ತಿದ್ದಾರೆಂದು ಅರಿವಾಗಿ ಅವಳಿಗೆ ಒಳಗೊಳಗೇ ತಣ್ಣನೆಯ ಸುಖವಾಯಿತು. ಮರೆಮಾಚಲಿ, ಮುಚ್ಚಿಕೊಳ್ಳಲು ಏನಾದರೂ ಇರುವವನಿಗೆ ತಾನೆ ಮುಸುಕು ಬೇಕಾಗುವುದು. ಆದರೆ ನಾಲ್ಕನೆಯ ಸಾಲಿನಲ್ಲಿ ವಾದ ಬಿಸಿಯೇರಿತು. ವಿಜ್ಞಾನಿ ಎಚ್ಚತ್ತ, ಕಳ್ಳ ಮೈಮರೆತ. ಅಕ್ಷರಗಳು ಒಂದಕ್ಕೊಂದು ಆತುಕೊಂಡು ಎಡಕ್ಕೆ ವಾಲಿದವು, ಬಾಲಗಳು ಉದ್ದವಾದವು. ಪುಟ ತುಂಬುವವರೆಗೆ ಅವರು ತಲೆ ಎತ್ತಲಿಲ್ಲ.

ಸಹಿ ಹಾಕಿ ಹಾಳೆಯನ್ನು ಅವಳತ್ತ ತಳ್ಳಿದರು. "ಸರಿ ಇದೆಯಾ, ನೋಡಮ್ಮ."

ಅವಳು ನಿಂತೇ ಓದಿದಳು. ತಾನು ಒಂಬತ್ತು ವರ್ಷದಲ್ಲಿ ಬರೆದ ಯಾವ ಸಮರ್ಥನೆಯೂ ಅಷ್ಟು ಚೆನ್ನಾಗಿರಲಿಲ್ಲ. ನಡುವಿನ ಮೂರು ವಾಕ್ಯಗಳ ಮೇಲೆ ಅವಳ ಕಣ್ಣು ನಿಂತಿತು: "ಸತ್ತ ಬೀಜವನ್ನು ನೀರಿನಲ್ಲಿಟ್ಟರೆ ವಾರದೊಳಗೆ ಕೊಳೆಯುತ್ತದೆ. ಈಕೆಯ ಬೀಜಗಳು ಮೂರು ತಿಂಗಳಾದರೂ ಕೊಳೆಯಲಿಲ್ಲ. ಕೊಳೆಯದಿರುವುದು ಬದುಕಿರುವವುಗಳ ಕೆಲಸ." ಆ ಮೂರು ತಿಂಗಳ ಲೆಕ್ಕ ಹಳೆಯ ಪ್ರಸ್ತಾವನೆಯ ಕಟ್ಟಕಡೆಯ ಪುಟದ ಕೋಷ್ಟಕದಲ್ಲಿತ್ತು. ಅದರ ಅರ್ಥ ಅವಳಿಗೇ ಹೊಳೆದಿರಲಿಲ್ಲ. ಈ ಅರ್ಜಿಯಲ್ಲಿ ಆ ಕೋಷ್ಟಕ ಇರಲಿಲ್ಲ. ಮೇಜಿನ ಮೇಲಿದ್ದದ್ದು ಮೊದಲ ಪುಟ ಮಾತ್ರ.

"ಆವತ್ತು ಕೊನೇ ಪುಟದ ತನಕ ಓದಿದ್ರಾ, ಸರ್?"

ಅವರು ಲೇಖನಿಯ ಮುಚ್ಚಳವನ್ನು ತಿರುಗಿಸಿ ಹಾಕುತ್ತಲೇ ಇದ್ದರು.

"ಓದಿದ್ದೆ," ಎಂದರು. ಬಳಿಕ ಗಡಿಯಾರದ ಕಡೆ ನೋಡಿ, "ನಾಲ್ಕೂ ಮುಕ್ಕಾಲಾಗ್ತಾ ಬಂತು. ಹೋಗು," ಎಂದರು.

ಗುಮಾಸ್ತ ಸ್ಕ್ಯಾನರಿನ ಗಾಜಿನ ಮೇಲೆ ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟ. ಮುಚ್ಚಳ ಹಾಕುವ ಮುನ್ನ ಬಗ್ಗಿ ನೋಡಿ, ಹುಬ್ಬೇರಿಸಿದ.

"ಪ್ರತಿಷ್ಠಾನದಲ್ಲಿ ಕೂತಿರೋರೇನು ಕುರುಡರಲ್ಲ, ಅಮ್ಮ. ಹೀಗೇ ಹೋಗ್ಲಾ?"

"ಹೋಗ್ಲಿ."

ಹಸಿರು ಬೆಳಕು ಎರಡೂ ಹಾಳೆಗಳ ಕೆಳಗೆ ಒಂದೇ ವೇಗದಲ್ಲಿ ಹರಿದು ಹೋಯಿತು. ಅರ್ಜಿ ತಲುಪಿತೆಂಬ ರಸೀದಿ ಪರದೆಯ ಮೇಲೆ ಮೂಡಿದಾಗ ಐದಕ್ಕೆ ನಾಲ್ಕು ನಿಮಿಷ ಬಾಕಿ ಇತ್ತು.

ಅವಳು ಮೆಟ್ಟಿಲಿಳಿದು ಉಗ್ರಾಣಕ್ಕೆ ಬಂದಳು. ಮುಖ್ಯಸ್ಥರು ಬರೆದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಖಾಲಿ ಬೀಜದ ಪೊಟ್ಟಣವೊಂದರಲ್ಲಿ ಹಾಕಿ, ತೇವ ತಾಗದಂತೆ ಬಾಯಿ ಅಂಟಿಸಿದಳು. ಮೇಲೆ ಹೆಸರು ಬರೆಯಲಿಲ್ಲ. ಎಲ್ಲ ಪೊಟ್ಟಣಗಳ ಮೇಲೂ ಬರೆಯುವಂತೆ ಆ ದಿನದ ತಾರೀಕನ್ನಷ್ಟೆ ಬರೆದು, ಸಾಲಿನ ಕೊನೆಯಲ್ಲಿ ಇಟ್ಟಳು.