ಮೊದಲ ಸಲಿಕೆ ಮಣ್ಣು

ಶಿವಬಸವ್ವ ಪುಣೆಗೆ ಬಂದದ್ದು ತನ್ನ ಗುರುವಾರದ ನೀರನ್ನು ಉಳಿಸಿಕೊಳ್ಳಲಿಕ್ಕೆ. ಸಾಸವಡದ ಆಚೆ, ಕಾಲುವೆಯ ಕೊನೆಯಲ್ಲಿ, ಅವಳಿಗೆ ಎರಡೆಕರೆ ಹೊಲ. ವಾರಕ್ಕೊಂದು ಪಾಳಿ, ಗುರುವಾರ ಬೆಳಗಿನಿಂದ ಮಧ್ಯಾಹ್ನದ ತನಕ. ಗಂಡ ಸತ್ತ ಮೇಲೆ ಮೂರು ವರ್ಷ ಅವಳು ಮಳೆ ನಂಬಿ ಸಜ್ಜೆಯನ್ನಷ್ಟೇ ಬಿತ್ತಿ, ಆ ಪಾಳಿಯನ್ನು ಪಕ್ಕದ ಹೊಲದ ಶ್ಯಾಮನ ಅಂಜೂರದ ಸಸಿಗಳಿಗೆ ಕೈಗಡ ಕೊಟ್ಟಿದ್ದಳು. ಈಗ ತಾನೂ ನಲವತ್ತು ಅಂಜೂರ ನೆಟ್ಟಿದ್ದಾಳೆ. ನೀರು ಬರದಿದ್ದರೆ ಅವು ಬೇಸಿಗೆ ದಾಟುವುದಿಲ್ಲ.

ಪಾಳಿಯ ಕೈಗಡಕ್ಕೆ ಆ ಊರಲ್ಲಿ ಕಾಗದವೆಂಬುದಿಲ್ಲ. ಕೊಟ್ಟವರು ಪ್ರತಿ ಪಾಳಿಗೂ ತಾವೇ ಬಂದು, ಕಾಲುವೆಯ ಒಡ್ಡಿನಿಂದ ಮೊದಲ ಸಲಿಕೆ ಮಣ್ಣು ತೆಗೆದು ನೀರು ತಿರುಗಿಸಬೇಕು. ಆಮೇಲೆ ನೀರು ಯಾರ ಹೊಲಕ್ಕೆ ಹೋದರೂ ಪಾಳಿ ಮಾತ್ರ ಸಲಿಕೆ ಹಿಡಿದವರದು. ಮೂರು ವರ್ಷ, ಜ್ವರ ಬಂದ ದಿನವೂ, ಶಿವಬಸವ್ವ ಹೋಗಿ ಆ ಒಂದು ಸಲಿಕೆ ಮಣ್ಣು ತೆಗೆದಿದ್ದಳು. ಶ್ಯಾಮ ಬಾಯಿ ತುಂಬ ಅಕ್ಕ ಎಂದು ಕರೆದು, ಚಹಾ ಕುಡಿಸಿ ಕಳಿಸುತ್ತಿದ್ದ.

ಹೋದ ವರ್ಷ, ಅಂದರೆ ಎರಡು ಸಾವಿರದ ನಾಲ್ಕರಲ್ಲಿ, ಹೊಸ ನೀರು ಹಂಚಿಕೆಗೆಂದು ಪುಣೆಯ ಸಂಸ್ಥೆಯೊಂದು ತ್ರಿವೇಣಿ ಎಂಬ ಹುಡುಗಿಯನ್ನು ಊರಿಗೆ ಕಳಿಸಿತ್ತು. ಮನೆಮನೆಯಲ್ಲೂ ಮರಾಠಿಯಲ್ಲಿ ಪ್ರಶ್ನೆ ಕೇಳುತ್ತ ಬಂದವಳು, ಶಿವಬಸವ್ವ ಎಮ್ಮೆಯನ್ನು ಬೈಯುವುದು ಕೇಳಿ ನಿಂತುಬಿಟ್ಟಳು.

"ಅಕ್ಕಾರ, ನೀವು ಕನ್ನಡದವರೇನ್ರಿ?"

"ಇಂಡಿ ತಾಲೂಕ ನನ್ನ ತವರಮನಿ. ನೀ ಯಾವೂರಾಕಿ ಅವ್ವ?"

ಇಪ್ಪತ್ತೆರಡು ವರ್ಷ ಆ ಊರಲ್ಲಿ ಎಮ್ಮೆಯೊಂದನ್ನು ಬಿಟ್ಟರೆ ಅವಳಿಗೆ ಕನ್ನಡದಲ್ಲಿ ಮಾತಾಡಿಸಲು ಯಾರೂ ಇರಲಿಲ್ಲ. ಹುಡುಗಿಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದಳು. ತವರಿನ ಮಾತು ಕಿವಿಗೆ ಬಿದ್ದ ಹೆಣ್ಣಿನ ಬಾಯಿಗೆ ಬೀಗ ಹಾಕುವವರು ಯಾರು? ಕೈಗಡದ ಸಂಗತಿಯನ್ನೂ ಸಲಿಕೆಯ ಸಂಗತಿಯನ್ನೂ ಹೇಳಿಬಿಟ್ಟಳು.

"ಅಂದ್ರ ಮೂರು ವರ್ಷ ನಿಮ್ಮ ಹೊಲಕ್ಕ ನೀರು ಹಾಸಿಲ್ಲ. ಹೌದಲ್ರಿ?"

"ಹೌದವ್ವ. ಆದ್ರ ಪಾಳಿ ನಂದ."

"ಗೊತ್ತಾತ್ರಿ. ಇದು ಸುಮ್ಮ ಅಭ್ಯಾಸಕ್ಕ ಬರಕೊಳ್ಳೋದು, ಹೆದರಬ್ಯಾಡ್ರಿ."

ಇವತ್ತು ಪುಣೆಯಲ್ಲಿ ಆ ಹೊಸ ಹಂಚಿಕೆಯ ಸಭೆ; ಅಲ್ಲಿ ಬಾಯಿಗೊಂದು ನ್ಯಾಯ. ಅಣೆಕಟ್ಟನ್ನು ಕಬ್ಬಿನವರೇ ಕುಡಿದು ಮುಗಿಸಿದರು ಎಂದು ಪುಣೆಯವರು. ನೀವು ಕಾರು ತೊಳೆಯುವ ನೀರನ್ನು ಅಳೆದವರು ಯಾರು ಎಂದು ಬಾರಾಮತಿಯ ಕಡೆಯ ಕಬ್ಬಿನವರು. ಕಾಲುವೆಯ ಕೊನೆಯವರು ಎಂದಿನಂತೆ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಕೂಗಾಟ ನಿಂತ ಮೇಲೆ ನೀರಾವರಿ ಅಧಿಕಾರಿ, ಸಂಸ್ಥೆಯವರು ಊರೂರು ತಿರುಗಿ ಬರೆದು ತಂದ ಪಟ್ಟಿ ಓದಿದ. ಮೂರು ವರ್ಷ ಬಳಸದ ಪಾಳಿ ರದ್ದು, ಬಳಸಿದವರಿಗೇ ಹಕ್ಕು. ಶ್ಯಾಮನಿಗೆ ಸೋಮವಾರ ಮತ್ತು ಗುರುವಾರ. ಶಿವಬಸವ್ವನಿಗೆ ಏನೂ ಇಲ್ಲ.

ನಂಬಿದ ಎಮ್ಮೆ ಕೋಣ ಈದಿತ್ತು. ಅವಳು ಎದ್ದು ನಿಂತು ಮರಾಠಿಯಲ್ಲಿ ಸಲಿಕೆಯ ಮಾತು ಹೇಳಿ, ನೀನೇ ಹೇಳಪ್ಪ ಎಂದು ಶ್ಯಾಮನತ್ತ ತಿರುಗಿದಳು. ಅವನು ತನ್ನ ಚಪ್ಪಲಿ ನೋಡುತ್ತ, ಕಾಗದದಲ್ಲಿ ಬರೆದದ್ದೇ ಖರೆ ಎಂದ. ಸಲಿಕೆಗೆ ಫಾರಮಿನಲ್ಲಿ ಜಾಗವಿಲ್ಲ ಎಂದು ಅಧಿಕಾರಿ ನಕ್ಕ. ಅವನ ಪಕ್ಕದಲ್ಲೇ ಫೈಲು ಹಿಡಿದು ತ್ರಿವೇಣಿ ಕೂತಿದ್ದಳು.

"ತ್ರಿವೇಣಿ, ನೀ ಹೇಳವ್ವ! ಸಲಿಕಿ ಮಾತು ನಿನಗ ಗೊತ್ತದ. ನನ್ನ ಮನ್ಯಾಗ ಕುಂತು ಕೇಳೀದಿ."

ಏನನ್ನುತ್ತಾಳೆ ಈಕೆ ಎಂದು ಅಧಿಕಾರಿ ತ್ರಿವೇಣಿಯನ್ನು ಕೇಳಿದ. ಹುಡುಗಿ ಅವನ ಮುಖ ನೋಡಿದಳು, ಫೈಲು ನೋಡಿದಳು. ಆಮೇಲೆ ಅಚ್ಚ ಮರಾಠಿಯಲ್ಲಿ, "ಏನೋ ಕನ್ನಡ ಸರ್, ನನಗೆ ತಿಳಿಯಲಿಲ್ಲ" ಎಂದಳು.

ಶ್ಯಾಮನದು ನೀರಿನಾಸೆ; ಆ ಆಸೆ ಯಾರನ್ನು ಬಿಟ್ಟಿದೆ? ಆದರೆ ಈ ಹುಡುಗಿಗೆ ಎರಡನೆಯ ರೊಟ್ಟಿಗೆ ತುಪ್ಪ ಸವರಿ ಕೊಟ್ಟಿದ್ದೆನಲ್ಲ ಎಂಬುದನ್ನು ಶಿವಬಸವ್ವನಿಗೆ ತಡೆಯಲಾಗಲಿಲ್ಲ. ಸೆರಗು ಬಿಗಿದುಕೊಂಡು ಹೊರಗೆ ನಡೆದಳು.

ಮೆಟ್ಟಿಲ ಬಳಿ ತ್ರಿವೇಣಿ ಓಡಿಬಂದು ಕೈ ಹಿಡಿದಳು. "ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಅಲ್ಲಿ ಬಾಯಿ ಬಿಟ್ಟಿದ್ರ ನನ್ನ ಕೆಲಸ ಹೋಗ್ತಿತ್ರಿ. ಅರ್ಜಿ ಕೊಡೂಣು, ನಾನ ಬರದ ಕೊಡ್ತೀನಿ. ಒಂದ ಮಾತರ ಆಡ್ರಿ ನನ್ನ ಕೂಡ."

ಶಿವಬಸವ್ವ ಕೈ ಬಿಡಿಸಿಕೊಂಡಳು. ಸಾಸವಡದ ಸಂತೆಯಲ್ಲಿ ಗುರುತಿಲ್ಲದವರೊಡನೆ ಆಡುವ ಮರಾಠಿಯಲ್ಲಿ, ಮೆಲ್ಲಗೆ ಹೇಳಿದಳು:

"ನನಗೆ ಕನ್ನಡ ತಿಳಿಯುವುದಿಲ್ಲ, ಮ್ಯಾಡಮ್."