ಅರ್ಧ ಬಿಗಿದ ಕಿಟಕಿ

“ಅದಕ್ಕ ಕಟ್ಟಬ್ಯಾಡೋ ಮುತ್ತು. ಅದನ್ನ ಇನ್ನಾ ಅರ್ಧಾ ಅಷ್ಟ ಬಿಗದಾರ.”

ರುದ್ರವ್ವ ಇಷ್ಟು ಅನ್ನುವ ಹೊತ್ತಿಗೆ ಮೈದುನ ಮುತ್ತು ಧೋತರದ ತುದಿಯನ್ನು ಕಿಟಕಿಯ ಹಿತ್ತಾಳೆ ಬಳೆಯೊಳಗೆ ತೂರಿಸಿಬಿಟ್ಟಿದ್ದ. ಹೆಣವನ್ನು ಹಿಂದಿನ ಗೋಡೆಗೆ ಆನಿಸಿ ಕೂಡ್ರಿಸಿದ್ದರು. ಎದೆಗೆ ಸುತ್ತಿದ ಧೋತರವನ್ನು ಯಾವುದಕ್ಕಾದರೂ ಕಟ್ಟದಿದ್ದರೆ ಯಲ್ಲಾಲಿಂಗ ಒಂದು ಮಗ್ಗುಲಿಗೆ ವಾಲುತ್ತಿದ್ದ. ಮುತ್ತು ಅತ್ತಿಗೆಯ ಮುಖ ನೋಡಿದ. ಗಂಡ ಸತ್ತ ಹೆಂಗಸಿಗೆ ಈ ಹೊತ್ತಿನಲ್ಲಿ ಕಿಟಕಿಯ ಚಿಂತೆಯೇ ಅನ್ನುವ ಮಾತು ಅವನ ಬಾಯಿತನಕ ಬಂದು ನಿಂತಿತು. ಧೋತರ ಬಿಡಿಸಿ ಮೂಲೆಯ ಗೂಟಕ್ಕೆ ಕಟ್ಟಿದ.

ಜೋಳದ ರೊಟ್ಟಿಯಷ್ಟು ಅಗಲದ ದುಂಡು ಗಾಜು. ಸುತ್ತ ಹಸಿರುಗಟ್ಟಿದ ಹಿತ್ತಾಳೆ ಬಳೆ. ನಿನ್ನೆ ಸಂಜೆ ಅದನ್ನು ಗೋಡೆಗೆ ಕೂಡಿಸಿ ಮಲಗಿದ ಯಲ್ಲಾಲಿಂಗ ಇವತ್ತು ಬೆಳಗ್ಗೆ ಏಳಲಿಲ್ಲ. ಎದೆಯ ಕೆಮ್ಮಿಗೆ ವಿಜಯಪುರದ ದವಾಖಾನೆ ಅಲೆದು ಅಲೆದು ಅವನೂ ದಣಿದಿದ್ದ, ಇವಳೂ ದಣಿದಿದ್ದಳು. ಅಳುವುದಕ್ಕೂ ತ್ರಾಣ ಬೇಕು. ಆ ತ್ರಾಣವೆಲ್ಲ ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಹತ್ತಿಸಿ ಇಳಿಸುವುದರಲ್ಲೇ ಖರ್ಚಾಗಿತ್ತು.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಪಕ್ಕದ ಮನೆಯ ರೋಶನಬಿ ಚಹಾ ಕಾಸಿ ತಂದಳು. ಹೆಣದ ಮುಂದೆ ಕೂತು ಮೂಗು ಒರೆಸಿಕೊಂಡಳು.

“ಖಿಡಕಿ ಇಡತೀನಿ, ಖಿಡಕಿ ಇಡತೀನಿ ಅಂತ ಓಣಿ ಮಂದಿ ತಲಿ ತಿಂದ. ಇಟ್ಟ ಮ್ಯಾಲ ಒಂದ ದಿನಾನೂ ಅದರಾಗ ಹಣಕಿ ಹಾಕಲಿಲ್ಲ ನೋಡ ಅಕ್ಕಾ, ಭಾಡ್ಯಾ.”

ಘೋಣಸಗಿಯಿಂದ ಜೀಪಿನಲ್ಲಿ ಬಂದಿಳಿದ ಬೀಗರು ಅಳುವುದನ್ನು ಬಿಟ್ಟು ನಕ್ಕರು. ರುದ್ರವ್ವನ ತುಟಿಯ ತುದಿಯೂ ಅಲುಗಿತು.

*

ಗೋವಾದ ನದಿಯ ದಂಡೆಯಲ್ಲಿ ಬೋಟು ರಿಪೇರಿ ಮಾಡುವ ಒಂದು ಅಂಗಳ. ಯಲ್ಲಾಲಿಂಗ ಅಲ್ಲಿಗೆ ಹೋದಾಗ ಮೀಸೆ ಸರಿಯಾಗಿ ಮೂಡಿರಲಿಲ್ಲ. ಬಿಟ್ಟು ಬಂದಾಗ ನೆರೆತಿತ್ತು. ದೊಡ್ಡವರು ಮೋಜಿಗೆ ಇಟ್ಟುಕೊಂಡ ಮೋಟಾರು ಬೋಟುಗಳನ್ನು ನೀರಿನಿಂದ ಎಳೆದು ದಿಮ್ಮಿಗಳ ಮೇಲೆ ನಿಲ್ಲಿಸುತ್ತಿದ್ದರು. ಅವುಗಳ ಮೈ ಉಜ್ಜುವುದು ವಿಜಯಪುರ ಜಿಲ್ಲೆಯಿಂದ ಹೋದವರ ಕೆಲಸ. ಉಜ್ಜಿದಾಗ ಏಳುವ ಬಿಳಿ ಧೂಳು ಅನ್ನದ ಮೇಲೆ, ಹಾಸಿಗೆಯ ಮೇಲೆ, ಎದೆಯೊಳಗೆ. ಮಲಗುವುದು ಅದೇ ಬೋಟಿನ ಹೊಟ್ಟೆಯ ಕೆಳಗೆ. ಬೋಟಿನ ಒಳಗೆ ಮೆತ್ತನೆಯ ಹಾಸಿಗೆಗಳಿರುತ್ತಿದ್ದವು.

ಒಂದು ವರ್ಷ ಒಂದು ಮುದಿ ಬೋಟು ಬಂತು. ದುಂಡು ಕಿಟಕಿಗಳೆಲ್ಲ ಸೋರಿ ಒಳಗಿನ ಹಲಗೆಗಳು ಕೊಳೆತಿದ್ದವು. ಹಳೆಯವನ್ನು ಕಿತ್ತು, ಅಂಟು ಕೆರೆದು, ಹೊಸವನ್ನು ಕೂಡಿಸುವ ಕೆಲಸ ಯಲ್ಲಾಲಿಂಗನ ಪಾಲಿಗೆ ಬಂತು. ದೀಪಾವಳಿಗೆ ಊರಿಗೆ ಬಂದವನು ಹೆಂಡತಿಯ ಮುಂದೆ ಒಂದೇ ಮಾತನ್ನು ಮತ್ತೆ ಮತ್ತೆ ಆಡಿದ.

“ಪಾಯಖಾನಿಗಿ ಎರಡು ಖಿಡಕಿ ಅದಾವ ರುದ್ರಾ, ಆ ಬೋಟಿಗಿ. ಪಾಯಖಾನಿಗಿ! ನೀ ಇಲ್ಲಿ ಹಾಡಾಹಗಲಿ ದೀಪಾ ಹಚಗೊಂಡು ರೊಟ್ಟಿ ಬಡೀತಿ.”

ಒಳಗೆ ಕೂತು ನೋಡಿದರೆ ಆ ಗಾಜಿನಲ್ಲಿ ಏನು ಕಾಣುತ್ತದೆಂದು ಅವಳು ಕೇಳಿದ್ದಳು. ತನಗೆ ಗೊತ್ತಿಲ್ಲ ಅಂದ. ಬೋಟು ನೀರಿಗಿಳಿಯುವ ದಿನ ಪೂಜೆಗೆ ಮಾಲಕರ ಮಂದಿ ಬರುತ್ತಾರೆಂದು ಕೂಲಿಯವರನ್ನೆಲ್ಲ ಹಿಂದಿನ ಬಾಗಿಲಿನಿಂದ ಹೊರಗೆ ಕಳಿಸಿದ್ದರಂತೆ. ಗುಜರಿಗೆ ಹೊರಟಿದ್ದ ಹಳೆಯ ಕಿಟಕಿಗಳಲ್ಲಿ ಒಂದನ್ನು ಮಾತ್ರ ಕೇಳಿ ಇಸಕೊಂಡು, ಅಂಗಿಯಲ್ಲಿ ಸುತ್ತಿ ತಂದಿದ್ದ. ಅದು ವರ್ಷಗಟ್ಟಲೆ ಕಾಳಿನ ಡಬ್ಬಿಯ ಹಿಂದೆ ಕೂತಿತ್ತು.

*

ಕೂತದ್ದಕ್ಕೆ ಕಾರಣ ಶ್ರೀಶೈಲ ಸಾಹುಕಾರ. ಹಿಂದಿನ ಓಣಿಯಾಚೆಗೆ ಅವನ ಮನೆ, ಅವನ ಅಂಗಳ. ಈ ಸಾಲಿನ ಮನೆಗಳೆಲ್ಲ ಆ ಓಣಿಗೆ ಕುರುಡು ಗೋಡೆ ತೋರಿಸಿಕೊಂಡೇ ಹುಟ್ಟಿದವು. ಓಣಿ ಮನೆಗಳಿಗಿಂತ ಆಳೆತ್ತರ ತಗ್ಗು. ಅಲ್ಲಿ ನಿಂತವರು ಕೈ ಚಾಚಿದರೂ ಕಿಟಕಿ ಎಟುಕದು. ಓಣಿಯಿಂದ ಯಾರೂ ಒಳಗೆ ಇಣುಕಲಾರರು. ಈ ಸಾಲಿನ ಕಣ್ಣು ಸಾಹುಕಾರನ ಅಂಗಳಕ್ಕೆ ಬೀಳಬಾರದು, ಅಷ್ಟೇ. ಯಾವ ಕಾಗದದಲ್ಲೂ ಇಲ್ಲದ ಈ ಕಾಯಿದೆಯನ್ನು ಯಾರೂ ಮುರಿದಿರಲಿಲ್ಲ, ನಿನ್ನೆಯತನಕ.

ಸಾಹುಕಾರ ಮಾಲೆ ಹಿಡಿದುಕೊಂಡೇ ಬಂದ. ಹೊಸ್ತಿಲ ಹೊರಗೆ ನಿಂತು ಅದನ್ನು ಮುತ್ತುವಿನ ಕೈಗೆ ಕೊಟ್ಟ. ಯಲ್ಲಾಲಿಂಗ ಭಾಳ ಛಲೋ ಮನುಷ್ಯ ಅಂದ. ಆಮೇಲೆ ದನಿ ತಗ್ಗಿಸಿದ.

“ನಾ ಹೊಸಾದೇನ ಹೇಳಾಕತ್ತಿಲ್ಲ ಮುತ್ತು. ಮಣ್ಣಿಗಿ ಹೋಗಾಕ ನನ್ನ ಹೊಲದಾಗ ಹಾದಿ ತೆರಸೀನಿ. ಹೆಣಾ ಎತ್ತೂದ್ರೊಳಗ ಆ ತೂತಿಗಿ ಎರಡು ಇಟ್ಟಂಗಿ ಇಡ್ರಿ.”

ಈ ಸಾಲಿನ ಹೆಣಗಳೆಲ್ಲ ಅವನ ಹೊಲದ ಬದುವಿನ ಮೇಲೆಯೇ ಸುಡುಗಾಡಿಗೆ ಹೋಗಬೇಕು. ಅವನು ಬಿಟ್ಟರೆ ಹಾದಿ. ಮುತ್ತು ಅದೇ ಹೊಲವನ್ನು ಪಾಲಿಗೆ ಮಾಡುವವನು. “ಆತ್ರಿ ಸಾವುಕಾರ್ರ” ಅಂದ. ಒಳಗೆ ಬಂದು ಕಿಟಕಿಯ ಕಟ್ಟೆಯ ಮೇಲಿದ್ದ ಸ್ಕ್ರೂಡ್ರೈವರ್ ಎತ್ತಿಕೊಂಡ. ಅರ್ಧ ಬಿಗಿದದ್ದು, ಬಿಚ್ಚುವುದು ಸುಲಭ.

“ಮಣ್ಣ ಕೊಟ್ಟ ಬಂದು ಮತ್ತ ಕೂಡಿಸೂಣಂತ ವೈನಿ.”

ಮತ್ತೆ ಕೂಡಿಸುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕ್ರಿಯೆ ಮಾಡಿಸಲು ಬಂದ ಬಸಲಿಂಗಯ್ಯನವರು ತಮಗೆ ಟಿಕೋಟಾದಲ್ಲಿ ಇನ್ನೊಂದು ಕಾರ್ಯ ಇದೆ, ಲಗೂನ ತೀರಿಸಿರೆಂದು ಅವಸರ ಮಾಡಿದರು.

*

“ಒಮ್ಮಿಗೇ ಪೂರಾ ಬಿಗದ್ರ ಅಂಟೆಲ್ಲಾ ಹಿಂಡಿ ಹೊರಗ ಬರತದ.” ನಿನ್ನೆ ಸಂಜೆ ಯಲ್ಲಾಲಿಂಗ ಒಂದೊಂದು ಮಾತಿಗೂ ಕೆಮ್ಮುತ್ತ ಹೇಳಿದ್ದ. “ಅರ್ಧಾ ಬಿಗದು ಬಿಡಬೇಕು. ಅಂಟು ಒಣಗಿ ರಬ್ಬರ್ ಆಗತದ. ಮರುದಿನಾ ಎದುರು-ಬದುರು ಸ್ಕ್ರೂ ಬಿಗೀಬೇಕು. ಒಂದ ಕಡಿಯಿಂದ ಸುತ್ತಗೊಂತ ಹೋದ್ರ ಗಾಜ ಸೀಳತದ.”

ಅವಳು ಬ್ಯಾಟರಿ ಹಿಡಿದು ನಿಂತಿದ್ದಳು. ಸಾಹುಕಾರ ಏನಂದಾನು ಅಂದಳು.

“ಅನ್ನಲಿ. ನನಗ ಉಸರ ಹಿಡ್ಯಾಕತ್ತದ. ಈ ಮನ್ಯಾಗ ಒಂದು ತೂತರ ಇರಲಿ.”

ಸ್ಕ್ರೂಡ್ರೈವರನ್ನು ಕಟ್ಟೆಯ ಮೇಲಿಟ್ಟು, ನಾಳೆ ಬಿಗಿತೀನಿ ಅಂದು ಮಲಗಿದ್ದ.

*

ರುದ್ರವ್ವ ಎದ್ದಳು. ಮಂಡಿ ಲಟಕ್ಕೆಂದಿತು. ಸ್ಕ್ರೂಡ್ರೈವರಿಗೆ ಮೈದುನನ ಮುಂದೆ ಕೈ ಚಾಚಿದಳು. ಕೊಡುವುದೋ ಬಿಡುವುದೋ ತಿಳಿಯದೆ ಅವನು ನಿಂತ. ಚಾಚಿದ ಕೈ ಹಿಂದೆ ಸರಿಯಲಿಲ್ಲ. ಕೊಟ್ಟ.

ಕಿಟಕಿ ಹೆಣದ ತಲೆಯ ಮೇಲಕ್ಕಿತ್ತು. ಗಂಡನ ಹೆಗಲಿಗೆ ಒಂದು ಕೈಯೂರಿ ಬಗ್ಗಿದಳು. ಹೆಬ್ಬೆರಳಿನಿಂದ ಅಂಟನ್ನು ಒತ್ತಿ ನೋಡಿದಳು. ಒಣಗಿತ್ತು. ಮೇಲಿನದೊಂದು ಬಿಗಿದಳು, ಅದರೆದುರು ಕೆಳಗಿನದು. ಎಡಕ್ಕೊಂದು, ಬಲಕ್ಕೊಂದು. ವಿಭೂತಿ ಅವಳ ಸೆರಗಿಗೆ ಹತ್ತಿತು. ಅಳುತ್ತಿದ್ದವರು ಅಳು ನಿಲ್ಲಿಸಿದರು. ಸಾವಿನ ಮನೆಯಲ್ಲಿ ಕೆಲಸ ಹಿಡಿಯಬಾರದೆಂದು ಯಾರೋ ಗೊಣಗಿದರು. ರೋಶನಬಿ ಅವರಿಗೆ ಸುಮ್ಮನೆ ಕೂಡ್ರಲು ಹೇಳಿದಳು.

ಕೊನೆಯ ಸ್ಕ್ರೂ ತಿರುಗದಂತಾದ ಮೇಲೆ ಹೊಸ್ತಿಲಿಗೆ ಬಂದಳು.

“ಹೊಲಾ ನಿಮ್ಮದರಿ ಸಾವುಕಾರ್ರ. ನಿಮ್ಮ ಹಾದಿ ನಮಗ ಬ್ಯಾಡ.”

“ಮತ್ತ ಹ್ಯಾಂಗ ಒಯ್ತೀರಿ? ಆಕಾಶದಾಗ?”

“ಹಿಂದಿನ ಓಣಿ ಅದಲ್ಲರಿ, ಅದೂ ಸುಡಗಾಡಿಗೇ ಹೋಗತದ. ಪಂಚಾಯ್ತಿ ಕೆಲಸದಾಗ ಅದಕ್ಕ ಕಲ್ಲು ಹೊತ್ತಾಕಿ ನಾನ.”

ಅವಳ ದನಿ ಏರಲಿಲ್ಲ. ಏರಿಸುವಷ್ಟು ಕಸುವು ಉಳಿದಿರಲಿಲ್ಲ. ಈ ಸಾಲಿನ ಹೆಣ ಸಾಹುಕಾರನ ಬಾಗಿಲ ಮುಂದೆ ಹಾದದ್ದನ್ನು ಯಾರೂ ಕಂಡಿರಲಿಲ್ಲ. ಹೊರುವವರು ಒಬ್ಬರ ಮುಖ ಒಬ್ಬರು ನೋಡಿದರು. ಸಾಹುಕಾರ ಮುತ್ತುವಿನ ಕಡೆ ತಿರುಗಿದ.

“ಬಿತ್ತಿಗಿ ಹತ್ರ ಬಂತಲೇ, ಮುತ್ತು.”

ಮುತ್ತು ಕೈಯಲ್ಲಿದ್ದ ಮಾಲೆಯನ್ನು ಅಣ್ಣನ ಕೊರಳಿಗೆ ಹಾಕಿ, ಗೂಟಕ್ಕೆ ಕಟ್ಟಿದ್ದ ಧೋತರ ಬಿಚ್ಚಿದ.

“ಎತ್ರಿ” ಅಂದ. “ಮುಂದಿನ ಹೆಗಲು ನನ್ನದು.”

*

ಕುರ್ಚಿ ಕಟ್ಟಿದ ಸಿದಿಗೆಯಲ್ಲಿ ಅವನನ್ನು ಕೂಡ್ರಿಸಿ ಒಯ್ದರು. ಹೆಂಗಸರನ್ನು ಊರ ಅಗಸಿಬಾಗಿಲ ಹತ್ತಿರವೇ ನಿಲ್ಲಿಸಿದರು. ರುದ್ರವ್ವ ಅಲ್ಲಿಗೂ ಹೋಗಲಿಲ್ಲ. ಬರಿದಾದ ಮನೆಯೊಳಗೆ ಬಂದು, ಅವನು ಕೂತಿದ್ದ ಜಾಗದಲ್ಲಿ ಕಾಳಿನ ಡಬ್ಬಿ ಇಟ್ಟು ಅದರ ಮೇಲೆ ಕೂತಳು. ಗೀರು ಬಿದ್ದು ಮಬ್ಬಾದ ಗಾಜನ್ನು ಸೆರಗಿನಿಂದ ಒರೆಸಿದಳು.

ಭಜನೆಯ ತಾಳ ಓಣಿಯ ತಿರುವಿಗೆ ಬಂತು. ಆಚೆಯ ದೊಡ್ಡ ಮನೆಯ ಕಿಟಕಿಗಳು ಒಂದಾದ ಮೇಲೊಂದು ಮುಚ್ಚಿದವು. ತಗ್ಗಿನಲ್ಲಿ ಹೊರುವವರ ತಲೆ ಕಾಣಲಿಲ್ಲ. ಕುರ್ಚಿಯ ಮೇಲಿನ ಯಲ್ಲಾಲಿಂಗ ಒಬ್ಬನೇ ಗಾಳಿಯಲ್ಲಿ ತೇಲಿದಂತೆ ಮೆಲ್ಲಗೆ ಹೊಯ್ದಾಡುತ್ತ ಬಂದ. ಕಿಟಕಿಯ ನೇರಕ್ಕೆ ಬಂದಾಗ ಕೆಳಗೆ ಯಾರೋ ಹೆಗಲು ಬದಲಿಸಿದರು. ಸಿದಿಗೆ ನಿಂತಿತು. ವಾಲಿದ ತಲೆ ಈ ಕಡೆ ಹೊರಳಿ, ವಿಭೂತಿಯ ಹಣೆ, ಅರೆತೆರೆದ ಕಣ್ಣು, ಬಿಗಿದ ತುಟಿ ದುಂಡು ಗಾಜಿನ ತುಂಬ ತುಂಬಿಕೊಂಡವು.

ಅವಳ ಉಸಿರಿಗೆ ಗಾಜು ಮಸುಕಾಯಿತು. ಸೆರಗು ಹುಡುಕುತ್ತ ನಿಲ್ಲಲಿಲ್ಲ, ಅಂಗೈಯಿಂದಲೇ ಒರೆಸಿದಳು.