ಒಂದೇ ಕೋಟು, ಎರಡು ತೋಳು

ನಡುರಾತ್ರಿ ಲೊಚ್ ಲೊಚ್ ಎಂದಿತು. ಹಲ್ಲಿಯಿರಬೇಕೆಂದು ಮಗ್ಗುಲು ಬದಲಿಸಿದೆ. ಮತ್ತೆ ಲೊಚ್ ಲೊಚ್, ಸರಿಯಾಗಿ ಎರಡೇ ಸಲ. ಹಲ್ಲಿ ಇಷ್ಟು ಲೆಕ್ಕ ಇಡುವುದಿಲ್ಲ. ಎದ್ದು ಹೋಗಿ ನೋಡಿದರೆ, ಅಪ್ಪ ಖಾಲಿ ಕುರ್ಚಿಯ ಕಡೆ ಬಾಗಿ ನಾಲಿಗೆ ಲೊಚಗುಟ್ಟುತ್ತಿದ್ದರು.

ಆ ಸದ್ದು ಕೇಳಿ ಇಪ್ಪತ್ತೆರಡು ವರ್ಷವಾಗಿತ್ತು. ಅಪ್ಪ ಮತ್ತು ಅವರ ಜೊತೆಗಾರ ಒಂದೇ ಕೋಟಿನೊಳಗೆ ತೂರಿಕೊಂಡು, ಒಂದೊಂದು ತೋಳಿಗೆ ಒಬ್ಬೊಬ್ಬರು ಕೈ ಹಾಕಿ ಜನರನ್ನು ನಗಿಸುತ್ತಿದ್ದವರು. ಬಲತೋಳು ಅಪ್ಪನದು. ಜೊತೆಗಾರರನ್ನು ಊರೆಲ್ಲ ಎಡತೋಳು ಎಂದೇ ಕರೆಯುತ್ತಿತ್ತು. ನನಗೆ ಅವರು ಚಿಕ್ಕಪ್ಪ. ಮಾತು ಮರೆತವನು ಎರಡು ಸಲ ಲೊಚಗುಟ್ಟಬೇಕು, ಇನ್ನೊಬ್ಬ ಏನಾದರೂ ಹೇಳಿ ದಾಟಿಸಬೇಕು. ಅದು ಅವರೊಳಗಿನ ಒಪ್ಪಂದ. ಒಂದು ಪ್ರದರ್ಶನದಲ್ಲಿ ಅಪ್ಪ ಲೊಚಗುಟ್ಟಿದರು, ಚಿಕ್ಕಪ್ಪ ತುಟಿ ಬಿಚ್ಚಲಿಲ್ಲ. ಅಪ್ಪ ಬೆಪ್ಪಾಗಿ ನಿಂತರು. ಅವತ್ತಿನಿಂದ ಚಿಕ್ಕಪ್ಪನ ಜೊತೆ ಮಾತು ಬಿಟ್ಟರು. ಇದ್ದದ್ದು ಒಂದು ಕೈ, ಅದನ್ನೂ ಕೊಟ್ಟ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು.

ಈಗ ಹಳೆಯ ರಂಗಮಂದಿರ ದುರಸ್ತಿಯಾಗಿ ಮತ್ತೆ ತೆರೆಯುತ್ತಿತ್ತು. ಮ್ಯಾನೇಜರು ಇಬ್ಬರನ್ನೂ ಬೇರೆ ಬೇರೆಯಾಗಿ ಕಂಡು ಒಪ್ಪಿಸಿದ್ದರು. ಈ ಸಲವೂ ಅವನು ಉತ್ತರ ಕೊಡದಿದ್ದರೆ ಇನ್ನು ಜನ್ಮದಲ್ಲಿ ಮುಖ ನೋಡುವುದಿಲ್ಲ ಎಂದು ಅಪ್ಪ ನನ್ನೆದುರು ಕಡ್ಡಿ ಮುರಿದಂತೆ ಹೇಳಿದ್ದರು.

ಕೋಟಿನ ಬಿಚ್ಚಿದ ಹೊಲಿಗೆ ಸರಿಮಾಡುವ ನೆಪದಲ್ಲಿ ನಾನೂ ತಾಲೀಮಿಗೆ ಹೋದೆ. ಮೊದಲ ದಿನವೇ ಜಗಳ. ಅಪ್ಪನ ಬಲಭುಜ ಈಗ ಮೇಲೇಳುವುದಿಲ್ಲ. ಎಡತೋಳು ತನಗೆ ಬೇಕೆಂದರು.

"ಜೀವ ಕೇಳು, ಕೊಡ್ತೀನಿ. ಎಡತೋಳು ಮಾತ್ರ ಕೊಡಲ್ಲ ಕಣೋ" ಎಂದರು ಚಿಕ್ಕಪ್ಪ.

ಎಪ್ಪತ್ತು ದಾಟಿದವರು ಒಂದು ತೋಳಿಗೆ ಹೀಗೇಕೆ ಹಟ ಹಿಡಿಯಬೇಕು? ನನ್ನದು ಕರಡು ತಿದ್ದುವ ಕೆಲಸ. ಒಂದಕ್ಷರ ಹೆಚ್ಚಾದರೂ ಕಣ್ಣಿಗೆ ಚುಚ್ಚುತ್ತದೆ. ಆಮೇಲೆ ನೆನಪಾಯಿತು: ಆ ಕೆಟ್ಟ ಪ್ರದರ್ಶನದ ದಿನವೂ ಅಪ್ಪನ ಭುಜ ಉಳುಕಿ, ತೋಳು ಅದಲುಬದಲಾಗಿತ್ತು. ಅಪ್ಪ ನಿಂತದ್ದು ಚಿಕ್ಕಪ್ಪನ ಎಡಗಡೆ.

ಮರುದಿನ ನಾನೂ ಅವರ ಎಡಗಡೆ ನಿಂತು, ಟೀ ಬೇಕಾ ಎಂದು ಕೇಳಿದೆ. ಉತ್ತರವಿಲ್ಲ. ಬಲಗಡೆಗೆ ಬಂದು ಇನ್ನೂ ಮೆಲ್ಲಗೆ ಕೇಳಿದೆ.

"ಸಕ್ಕರೆ ಕಮ್ಮಿ ಇರಲಿ ಪುಟ್ಟಿ" ಎಂದವರು ನನ್ನ ಮುಖ ನೋಡಿ ಎಡಗಿವಿ ಮುಟ್ಟಿಕೊಂಡರು.

"ಆಗಲೂ ಈ ಕಿವಿ ಕೇಳ್ತಿರಲಿಲ್ವಾ ಚಿಕ್ಕಪ್ಪ?"

"ಆಗಿಂದಲೇ."

"ಅಪ್ಪನಿಗಾದ್ರೂ ಹೇಳಬಹುದಿತ್ತಲ್ಲ."

"ಮೋಸಗಾರ ಅಂದ್ರೂ ಪಾರ್ಟು ಕೊಡ್ತಾರೆ ಪುಟ್ಟಿ. ಕಿವುಡ ಅಂದ್ರೆ ಯಾರು ಕೊಡ್ತಾರೆ? ನಿಮ್ಮಪ್ಪನ ಬಾಯಿ ಗೊತ್ತಲ್ಲ."

ಮನೆಗೆ ಬಂದು ಅಪ್ಪನಿಗೊಂದು ಸುಳ್ಳು ಹೇಳಿದೆ. ಈ ಸಲ ಕಾಲರಿಗೆ ಮೈಕ್ ಸಿಕ್ಕಿಸುತ್ತಾರಂತೆ, ಲೊಚಗುಟ್ಟಿದರೆ ಸಭೆಗೆಲ್ಲ ಕೇಳುತ್ತದೆ, ಕೋಟಿನೊಳಗೇ ಮೊಣಕೈಯಿಂದ ತಿವಿದರಾಯಿತು. ಅಪ್ಪ ನನ್ನನ್ನೇ ಸ್ವಲ್ಪ ಹೊತ್ತು ನೋಡಿ ಹೂಂ ಅಂದರು. ಇನ್ನು ತಿವಿತವೇ ಸನ್ನೆ ಎಂದು ಚಿಕ್ಕಪ್ಪನಿಗೂ ಹೇಳಿದೆ. ಮರುದಿನ ಅವರು ಎಡತೋಳನ್ನು ಮಾತಿಲ್ಲದೆ ಬಿಟ್ಟುಕೊಟ್ಟರು.

ಪ್ರದರ್ಶನದ ದಿನ ಪರದೆಯ ಸಂದಿಯಲ್ಲಿ ನಿಂತಿದ್ದೆ. ಹೆದರಿದ್ದಂತೆಯೇ ನಡುವೆ ಅಪ್ಪನ ಮಾತು ನಿಂತುಹೋಯಿತು. ಕೋಟು ಪಕ್ಕೆಯ ಬಳಿ ಉಬ್ಬಿತು. ತಿವಿತ ಜೋರಾಗಿಯೇ ಬಿದ್ದಿರಬೇಕು, ಚಿಕ್ಕಪ್ಪ ಅರ್ಧ ಅಡಿ ಹಾರಿದರು.

"ಈ ಕೋಟು ಬಾಡಿಗೆಗೆ ಕೊಡುವಾಗ ಒಳಗೊಬ್ಬ ಇದ್ದಾನೆ ಅಂತ ಅಂಗಡಿಯವನು ಹೇಳಲೇ ಇಲ್ಲ."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಷ್ಟರಲ್ಲಿ ಅಪ್ಪನಿಗೆ ಮಾತು ಸಿಕ್ಕಿತು.

ಬಣ್ಣ ಒರೆಸಿಕೊಳ್ಳುತ್ತಾ ಅಪ್ಪ ಕಾಲರ್ ತಡವಿ, ಮೈಕ್ ಎಲ್ಲಿತ್ತು ಎಂದು ಕೇಳಿದರು. ಕೊನೇ ಗಳಿಗೆಯಲ್ಲಿ ಬೇಡವೆಂದರಂತೆ ಎಂದೆ. ಅಪ್ಪ ಕೋಟು ನನ್ನ ಕೈಗಿಟ್ಟರು.

ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದರು. ಎಡಗಡೆಯಿದ್ದ ಅಪ್ಪ ಏನೋ ಹೇಳಲು ಹೊರಟು, ತಡೆದು ನಿಂತು, ಹಿಂದಿನಿಂದ ಸುತ್ತಿ ಬಂದು ಗೆಳೆಯನ ಬಲಕ್ಕೆ ಸೇರಿಕೊಂಡರು. ಆಮೇಲೆ ಬಾಯಿ ತೆರೆದರು.

ಅಪ್ಪನಿಗೂ ಗೊತ್ತಾಗಿತ್ತು. ತಿವಿದಾಗಲೋ, ನನ್ನ ಸುಳ್ಳು ಕೇಳಿದಾಗಲೋ? ಕೇಳಬೇಕೆನ್ನಿಸಿತು. ಕೇಳಿದರೆ ಚಿಕ್ಕಪ್ಪನ ಗುಟ್ಟು ಬಾಯಿಗೆ ಬರುತ್ತದೆ. ಅಪ್ಪ ಅದನ್ನು ಬಾಯಿಗೆ ತಾರದೆ ಒಂದು ಸುತ್ತು ಹಾಕಿ ಮುಗಿಸಿದ್ದಾರೆ. ಅಪ್ಪನಿಗಾಗಲಿ, ಚಿಕ್ಕಪ್ಪನಿಗಾಗಲಿ, ಯಾರಿಗೂ ಏನೂ ಹೇಳುವುದಿಲ್ಲವೆಂದು ನಿರ್ಧರಿಸಿ, ಕೋಟು ಮಡಚಿ ಕಂಕುಳಲ್ಲಿಟ್ಟುಕೊಂಡು ಅವರ ಹಿಂದೆ ನಡೆದೆ.